ನರ್ಸ್ ನಿಲ್ತಿಲ್ಲ ಅಂದ್ರೆ ಮೊದ್ಲು ಕ್ವಾರ್ಟರ್ಸ್ ನೋಡ್ರಿ

ಮೊಳಕಾಲ್ಮುರು ಕಡೆ ನಿಮ್ಮ ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಬಂದ ನರ್ಸ್‌ಗಳು ನಾಲ್ಕೈದು ತಿಂಗ್ಳಿಗೇ ಬಿಟ್ಟು ಹೋಗ್ತಾರೆ ಅಂದ್ರಲ್ಲ, ನಂಗೆ ಸಂಬಳಕ್ಕಿಂತ ಕ್ವಾರ್ಟರ್ಸ್ ಮೇಲೇ ಡೌಟು. ಬೀಗ ತೆಗ್ಸಿ ಒಳಗೆ ಹೋಗಿ ನೋಡ್ರಿ, ನಲ್ಲೀಲಿ ನೀರು ಬರುತ್ತಾ, ಚಿಲಕ ಗಟ್ಟಿ ಐತಾ, ಬಾತ್‌ರೂಮಿಗೆ ಲೈಟ್ ಐತಾ. ನಮ್ಮೂರಲ್ಲಿ ಇದ್ಯಾವ್ದೂ ಇರ್ಲಿಲ್ಲ, ಪಾಪ ಆ ಹೆಣ್ಮಕ್ಳು ಚಳ್ಳಕೆರೆಯಿಂದ ದಿನಾ ಬಸ್ಸಲ್ಲಿ ಓಡಾಡಿ ಸುಸ್ತಾಗಿ ವರ್ಗ ಮಾಡಿಸ್ಕೊಂಡ್ರು, ನಾವು ಮಾತ್ರ ಇವ್ರಿಗೆ ಹಳ್ಳಿ ಆಗಲ್ಲ ಅಂತ ಬೈಕೊಂಡು ಕಟ್ಟೆ ಮೇಲೆ ಕೂತಿದ್ವಿ.

ಮೊದ್ಲು ರಿಪೇರಿ ಪಟ್ಟಿ ಫೋಟೋ ಸಮೇತ ಮಾಡಿ ಆಸ್ಪತ್ರೆ ಬೇಕು ಬೇಡ ನೋಡ್ಕೊಳ್ಳೋ ಆರೋಗ್ಯ ರಕ್ಷಾ ಸಮಿತಿ ಮೀಟಿಂಗಲ್ಲಿ ಇಡ್ಸಿ, ಚಿಲಕ ಬಲ್ಬಿನಂಥ ಸಣ್ಣ ಕೆಲ್ಸ ಅಲ್ಲೇ ಆಗ್ಬಹುದು. ನೀರು, ಬೀದಿದೀಪಕ್ಕೆ ಗ್ರಾಮ ಪಂಚಾಯ್ತಿ ಪಿಡಿಒ ಹತ್ರ ಬೇರೆ ಅರ್ಜಿ. ಸೂರು ಸೋರ್ತಿದ್ರೆ ತಾಲೂಕು ಆರೋಗ್ಯಾಧಿಕಾರಿ ಮೂಲಕ ಜಿಲ್ಲಾ ಆರೋಗ್ಯಾಧಿಕಾರಿಗೆ ಬರೀರಿ, ಕಾಪಿ ಜಿಲ್ಲಾ ಪಂಚಾಯ್ತಿ ಸಿಇಒಗೆ, ಸ್ವೀಕೃತಿ ಇಲ್ದೆ ಎದ್ದು ಬರ್ಬೇಡಿ.

ಇನ್ನೊಂದು, ರಾತ್ರಿ ಕುಡ್ದು ಬಂದು ಗಲಾಟೆ ಮಾಡೋರು ಇದ್ರೆ ಊರಿನ ಹಿರೇರನ್ನ ಕೂರಿಸಿ ಹೇಳ್ಸಿ, ಆಸ್ಪತ್ರೆ ಸಿಬ್ಬಂದಿ ಮೇಲೆ ಕೈ ಮಾಡಿದ್ರೆ 2009ರ ರಾಜ್ಯದ ಕಾಯ್ದೆ ಪ್ರಕಾರ ಕೇಸಾಗುತ್ತೆ ಅಂತ ಬೋರ್ಡೂ ಹಾಕ್ಸಿ.

ಆಮೇಲೆ ಎನ್‌ಎಚ್‌ಎಂ (ರಾಷ್ಟ್ರೀಯ ಆರೋಗ್ಯ ಅಭಿಯಾನ) ಗುತ್ತಿಗೆ ನೇಮಕಾತಿ ಕರೆದಾಗ ನಿಮ್ಮ ತಾಲೂಕಲ್ಲೇ ನರ್ಸಿಂಗ್ ಓದಿದ ಹುಡುಗೀರ ಕೈಲಿ ಅರ್ಜಿ ಹಾಕ್ಸಿ, ಮನೆ ಹತ್ರ ಇರೋರು ನಿಲ್ಲೋದು ಜಾಸ್ತಿ. ಪೋಸ್ಟಿಂಗ್ ನಿಮ್ಮೂರಿಗೇ ಬರುತ್ತೆ ಅಂತ ಗ್ಯಾರಂಟಿ ಕೊಡಕ್ಕಾಗಲ್ಲ, ನಮಗೂ ಎರಡನೇ ಸಲಕ್ಕೆ ಸಿಕ್ಕಿದ್ದು. ಮುಂದಿನ ಸಮಿತಿ ಮೀಟಿಂಗ್ ಯಾವತ್ತು ಅಂತ ನಾಳೇನೇ ಮೆಡಿಕಲ್ ಆಫೀಸರನ್ನ ಕೇಳಿ.