ಎಂಜಿನ್ ಬದಲಿಸಿದ ಜಿಪ್ಸಿಯಲ್ಲಿ ಥ್ರಾಟಲ್ ಸೆನ್ಸರಿನ ಮೂರು ವೈರ್ ಜೋಡಿಸುವುದು ಹೇಗೆ?

ಕಾರ್ಬ್ಯುರೇಟರ್ ಇದ್ದ ಮಾರುತಿ ಜಿಪ್ಸಿಗೆ ಮುಂಬಯಿಯ ಕುರ್ಲಾದ ಗುಜರಿಯಿಂದ ತಂದ ಎಸ್ಟೀಮ್ ಕಾರಿನ ಎಂಪಿಎಫ್‌ಐ (ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಸಿಂಪಡಿಸುವ) ಎಂಜಿನ್ ಕೂರಿಸಿದ್ದೀರಿ, ಥ್ರಾಟಲ್ (ಎಂಜಿನ್ನಿಗೆ ಗಾಳಿ ಬಿಡುವ ಕವಾಟ) ಎಷ್ಟು ತೆರೆದಿದೆ ಎಂದು ತಿಳಿಸುವ ಥ್ರಾಟಲ್ ಪೊಸಿಷನ್ ಸೆನ್ಸರಿನ ಕಪ್ಲರ್ (ವೈರ್ ಸಿಕ್ಕಿಸುವ ಪ್ಲಗ್) ಕತ್ತರಿಸಿಹೋಗಿದೆ, ಮೂರು ವೈರಿನಲ್ಲಿ ಯಾವುದು ಎಲ್ಲಿಗೆ ಎಂದು ಕೇಳಿದ್ದೀರಿ.

ಬಣ್ಣ ನೋಡಿ ಮಾತ್ರ ಜೋಡಿಸಬೇಡಿ. ಗುಜರಿ ವೈರಿಂಗಿಗೆ ಯಾರು ಯಾವ ಬಣ್ಣದ ತುಂಡು ಸೇರಿಸಿದ್ದಾರೋ ಯಾರಿಗೂ ಗೊತ್ತಿರುವುದಿಲ್ಲ. ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುವ ಸಾದಾ ಮಲ್ಟಿಮೀಟರ್ ಇದ್ದರೆ ಹತ್ತು ನಿಮಿಷದ ಕೆಲಸ.

ಮೊದಲು ಸೆನ್ಸರ್ ಕಡೆ. ಮೀಟರನ್ನು 20 ಕಿಲೋ ಓಮ್‌ಗೆ ಇಟ್ಟು ಪಿನ್ನುಗಳನ್ನು ಎರಡೆರಡಾಗಿ ಅಳೆಯಿರಿ, ಅಳೆಯುವಾಗ ಥ್ರಾಟಲನ್ನು ಕೈಯಿಂದ ನಿಧಾನ ತೆರೆಯಿರಿ. ಯಾವ ಜೋಡಿಯ ರೀಡಿಂಗ್ ಕದಲುವುದಿಲ್ಲವೋ ಅವೆರಡು 5 ವೋಲ್ಟ್ ಮತ್ತು ಗ್ರೌಂಡ್, ಉಳಿದದ್ದು ಸಿಗ್ನಲ್. ಥ್ರಾಟಲ್ ಮುಚ್ಚಿದ್ದಾಗ ಸಿಗ್ನಲ್ ಪಿನ್ನಿಗೆ ಯಾವ ತುದಿಯಿಂದ ಓಮ್ ಕಡಿಮೆಯೋ ಅದೇ ಗ್ರೌಂಡ್. ನಾಲ್ಕನೇ ಪಿನ್ ಕಂಡರೆ ಅದು ಸಾಮಾನ್ಯವಾಗಿ ಐಡಲ್ ಸ್ವಿಚ್ (ಐಡಲ್ ಅಂದರೆ ಪೆಡಲ್ ಬಿಟ್ಟಾಗ ಎಂಜಿನ್ ನಿಧಾನ ಓಡುವ ಸ್ಥಿತಿ).

ಆಮೇಲೆ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್ ಕಡೆ. ಸೆನ್ಸರ್ ಬಿಚ್ಚಿಟ್ಟು, ಇಗ್ನಿಷನ್ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಒಂದೊಂದೇ ವೈರಿನ ವೋಲ್ಟೇಜ್ ನೋಡಿ, 5 ವೋಲ್ಟ್ ತೋರಿಸುವುದು ಸಪ್ಲೈ. ಕೆಲವು ಇಸಿಯುಗಳಲ್ಲಿ ಸಿಗ್ನಲ್ ವೈರಿನಲ್ಲೂ 5 ವೋಲ್ಟ್ ತೋರಿಸಿ ದಾರಿ ತಪ್ಪಿಸುತ್ತದೆ. ಆಗ ಆ ವೈರಿನಿಂದ ಗ್ರೌಂಡಿಗೆ 1 ಕಿಲೋ ಓಮ್ ರೆಸಿಸ್ಟರ್ ಹಿಡಿಯಿರಿ: ನಿಜವಾದ ಸಪ್ಲೈ 5ರಲ್ಲೇ ನಿಲ್ಲುತ್ತದೆ, ಸಿಗ್ನಲ್ ಕುಸಿಯುತ್ತದೆ.

ಗ್ರೌಂಡಿನ ವಿಷಯದಲ್ಲಿ ನಾನು ಹಟಮಾರಿ. ‘ಗಾಡಿಯ ಬಾಡಿಗೇ ಅರ್ಥ್ (ಗ್ರೌಂಡ್) ಕೊಡೋಣ, ಚಲೇಗಾ’ ಅನ್ನುವ ವೈರ್‌ಮನ್ ಮಾತಿಗೆ ತಲೆಯಾಡಿಸಬೇಡಿ. ಸೆನ್ಸರ್ ಗ್ರೌಂಡ್ ಇಸಿಯುವಿನ ಸೆನ್ಸರ್ ಗ್ರೌಂಡ್ ಪಿನ್ನಿಗೇ ಹೋಗಬೇಕು. ಬಾಡಿಯಲ್ಲಿ ಫ್ಯಾನ್, ಹೆಡ್‌ಲೈಟ್‌ಗಳ ಕರೆಂಟ್ ಹರಿದಾಗ 0.1ರಿಂದ 0.2 ವೋಲ್ಟ್ ಏರುಪೇರಾಗುತ್ತದೆ. ಇಸಿಯು ಅದನ್ನೇ ಥ್ರಾಟಲ್ ತೆರೆಯಿತೆಂದು ತಿಳಿಯುತ್ತದೆ. ರೇಡಿಯೇಟರ್ ಫ್ಯಾನ್ ಶುರುವಾದ ಕ್ಷಣಕ್ಕೇ ಐಡಲ್ ಎಗರಿದರೆ ಮೊದಲು ಇದನ್ನೇ ಅನುಮಾನಿಸಿ.

ಜೋಡಿಸುವ ಮುನ್ನ ಬ್ಯಾಟರಿ ನೆಗೆಟಿವ್ ತೆಗೆಯಿರಿ. 0.5 ಚದರ ಮಿಮೀ ಆಟೋ ವೈರ್ ಸಾಕು. ಕಾಯಿಲ್, ಪ್ಲಗ್ ವೈರ್, ಆಲ್ಟರ್ನೇಟರ್‌ಗಳಿಂದ ದೂರ ಎಳೆಯಿರಿ. ಹಳೆ ವೈರಿನ ಸಿಪ್ಪೆ ಸುಲಿದಾಗ ತಾಮ್ರ ಕಪ್ಪಾಗಿಯೋ ಹಸಿರು ಕಿಲುಬು ಹಿಡಿದೋ ಕಂಡರೆ ಹೊಳೆಯುವ ತಾಮ್ರ ಸಿಗುವವರೆಗೂ ಕತ್ತರಿಸಿ ಹಿಂದೆ ಹೋಗಿ. ಮುಂಬಯಿಯ ಮಳೆ, ಉಪ್ಪುಗಾಳಿ ಸಿಪ್ಪೆಯೊಳಗೂ ನುಗ್ಗುತ್ತದೆ. ಕ್ರಿಂಪ್ ಮಾಡಿ (ಲೋಹದ ತುಂಡಿನಲ್ಲಿ ವೈರ್ ಇಟ್ಟು ಒತ್ತಿ ಬಿಗಿದು), ಒಳಗೆ ಅಂಟು ಸವರಿರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗುವ ಕೊಳವೆ) ಹಾಕಿ. ಬರೀ ಬೆಸುಗೆ ಹಾಕಿದರೆ, ಬೆಸುಗೆ ಮುಗಿಯುವ ಜಾಗದಲ್ಲಿ ವೈರ್ ಬಿರುಸಾಗಿ, ಎಂಜಿನ್ ನಡುಕಕ್ಕೆ ಅಲ್ಲೇ ಮುರಿಯುತ್ತದೆ. ಇನ್ಸುಲೇಷನ್ ಟೇಪಿನ ಮಾತೇ ಬೇಡ.

ತಪ್ಪು ಜೋಡಿಸಿದರೆ ಲಕ್ಷಣ ಹೀಗಿರುತ್ತದೆ. 5 ವೋಲ್ಟ್ ಮತ್ತು ಗ್ರೌಂಡ್ ಅದಲುಬದಲಾದರೆ ರೀಡಿಂಗ್ ತಿರುಗುಮುರುಗು: ಮುಚ್ಚಿದಾಗ 4.5, ತೆರೆದಾಗ 0.5. ಸೆಲ್ಫ್ ಹೊಡೆಯುವಾಗ ಪೂರ್ತಿ ಥ್ರಾಟಲ್ ಕಂಡರೆ ಎಂಜಿನ್ ಫ್ಲಡ್ ಆಗಿದೆಯೆಂದು (ಒಳಗೆ ಪೆಟ್ರೋಲ್ ಹೆಚ್ಚಾಗಿದೆಯೆಂದು) ಬಹಳಷ್ಟು ಇಸಿಯುಗಳು ಇಂಜೆಕ್ಟರ್ ನಿಲ್ಲಿಸುತ್ತವೆ. ಪಂಪ್ ಸರಿ, ಸ್ಪಾರ್ಕ್ ಸರಿ, ಗಾಡಿ ಮಾತ್ರ ಸ್ಟಾರ್ಟ್ ಆಗದು. ಸಿಗ್ನಲ್ ಮತ್ತು 5 ವೋಲ್ಟ್ ಅದಲುಬದಲಾದರೆ ಇನ್ನೂ ಕೆಟ್ಟದ್ದು: ಪೆಡಲ್ ಒತ್ತಿದರೂ ರೀಡಿಂಗ್ ಹೆಚ್ಚುಕಡಿಮೆ ಅಲ್ಲೇ ನಿಂತಿರುತ್ತದೆ, ಥ್ರಾಟಲ್ ಮುಚ್ಚಿದಾಗ ಕರೆಂಟ್ ಹೆಚ್ಚಾಗಿ ಸೆನ್ಸರಿನ ಕಾರ್ಬನ್ ಪಟ್ಟಿ ಸುಡಬಹುದು, 5 ವೋಲ್ಟ್ ಕುಸಿದರೆ ಅದನ್ನೇ ನಂಬಿದ ಮ್ಯಾಪ್ ಸೆನ್ಸರೂ (ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವುದು) ಸುಳ್ಳು ಹೇಳುತ್ತದೆ.

ಎಲ್ಲ ಜೋಡಿಸಿದ ಮೇಲೆ ಬ್ಯಾಟರಿ ಮತ್ತೆ ಸೇರಿಸಿ, ಇಗ್ನಿಷನ್ ಆನ್ ಮಾಡಿ, ಕಪ್ಲರಿನ ಹಿಂದಿನಿಂದ ಸಿಗ್ನಲ್ ಅಳೆಯಿರಿ. ಮುಚ್ಚಿದಾಗ ಸುಮಾರು 0.5, ಪೂರ್ತಿ ತೆರೆದಾಗ 4ರಿಂದ 4.5 ವೋಲ್ಟ್, ನಿಮ್ಮ ಎಂಜಿನ್ನಿನ ಮ್ಯಾನುಯಲ್ ಬೇರೆ ಹೇಳಿದರೆ ಅದೇ ಅಂತಿಮ. ನಡುವೆ ಎಲ್ಲೂ ಜಿಗಿಯಬಾರದು. ಡಿಜಿಟಲ್ ಮೀಟರ್ ಕಣ್ಣು ಮಿಟುಕಿಸುವಷ್ಟರ ಜಿಗಿತವನ್ನು ನುಂಗಿಬಿಡುತ್ತದೆ, ಹಳೆಯ ಮುಳ್ಳಿನ ಮೀಟರಿನಲ್ಲಿ ಮುಳ್ಳು ಅದುರುವುದು ಕಾಣುತ್ತದೆ. ಮುಚ್ಚಿದಾಗಿನ ರೀಡಿಂಗ್ ಸರಿಯಿಲ್ಲದಿದ್ದರೆ ಸೆನ್ಸರಿನ ಎರಡು ಸ್ಕ್ರೂ ಸಡಿಲಿಸಿ ತುಸು ತಿರುಗಿಸಿ. ಥ್ರಾಟಲ್ ಸ್ಟಾಪ್ ಸ್ಕ್ರೂ ಮುಟ್ಟಬೇಡಿ.

ಜಿಪ್ಸಿಯ ಪೆಡಲಿಗೆ ಎಸ್ಟೀಮ್‌ನ ಥ್ರಾಟಲ್ ಬಾಡಿ ಬಂದಿರುವುದರಿಂದ ಕೇಬಲ್ ಅಳತೆಯನ್ನೂ ನೋಡಿ. ಬಿಗಿಯಾಗಿದ್ದರೆ ಪೆಡಲ್ ಬಿಟ್ಟರೂ 0.9 ವೋಲ್ಟಿನಂತೆ ನಿಂತು, ಇಸಿಯುಗೆ ಐಡಲ್ ಸ್ಥಿತಿಯೇ ಗೊತ್ತಾಗದೆ ಆರ್‌ಪಿಎಂ ಇಳಿಯುವುದಿಲ್ಲ. ಸಡಿಲವಾಗಿದ್ದರೆ ನೆಲಕ್ಕೆ ಒತ್ತಿದರೂ ಥ್ರಾಟಲ್ ಪೂರ್ತಿ ತೆರೆಯದು. ಅದಕ್ಕೇ ಕೊನೆಯ ಅಳತೆಯನ್ನು ಕೈಯಿಂದ ತೆರೆದಲ್ಲ, ಒಬ್ಬರನ್ನು ಸೀಟಿನಲ್ಲಿ ಕೂರಿಸಿ ಪೆಡಲ್ ಒತ್ತಿಸಿ ತೆಗೆದುಕೊಳ್ಳಿ.