ಬೂದಿ ಗುಡಿಸುವ ಮೊದಲು ಒಂದು ನೋಟ್‌ಬುಕ್ ತನ್ನಿ

ನೀವು ಕೇಳಿದ್ದು ಇಷ್ಟು: ಖಾನಾಪುರ ತಾಲ್ಲೂಕಿನ ನಿಮ್ಮ ಹಳ್ಳಿಗೆ ನಿನ್ನೆ ಗುಡ್ಡದ ಬೆಂಕಿ ಇಳಿದು ಐದು ಮನೆ, ಕೊಟ್ಟಿಗೆ, ಬಣವೆಗಳು ಸುಟ್ಟಿವೆ. ಹತ್ತು ಹನ್ನೆರಡು ಯುವಕರು ಸಹಾಯಕ್ಕೆ ನಿಂತಿದ್ದೀರಿ. ಎಲ್ಲಿಂದ ಶುರು ಮಾಡಬೇಕು?

ಇವತ್ತು ಗುಡಿಸಲು ಹೋಗಬೇಡಿ. ನನ್ನ ಉತ್ತರದಲ್ಲಿ ಬೇರೆ ಯಾವುದನ್ನು ಮರೆತರೂ ಇದನ್ನು ಮರೆಯಬೇಡಿ.

ನಾನು ರಾಮದುರ್ಗ ತಾಲ್ಲೂಕಿನವನು. ನಿಮ್ಮ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯ ದಂಡೆಯ ಮೇಲಿನ ಊರು. ನಮಗೆ ಬಂದದ್ದು ಕಾಡಿನ ಬೆಂಕಿಯಲ್ಲ, ಕಬ್ಬಿನ ಬೆಂಕಿ. ಶಿವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ ಗಾಳಿಗೆ ತಂತಿಗಳು ಒಂದಕ್ಕೊಂದು ತಗುಲಿ ಕಿಡಿ ಉದುರಿತು. ಒಣಗಿದ ರವದಿಗೆ, ಅಂದರೆ ಕಬ್ಬಿನ ಗರಿಗೆ, ಅಷ್ಟು ಸಾಕಲ್ಲ. ಮೂರು ಹೊಲ ದಾಟಿ ಊರ ಅಂಚಿನ ಬಣವೆಗಳಿಗೆ ಹತ್ತಿತು, ಬಣವೆಯಿಂದ ನಾಲ್ಕು ಮನೆಗಳಿಗೆ. ಅಗ್ನಿಶಾಮಕ ವಾಹನ ಬರುವ ಹೊತ್ತಿಗೆ ತಗಡು ಮುದುಡಿ ನೆಲಕ್ಕೆ ಬಿದ್ದಿದ್ದವು.

ಮರುದಿನ ನಸುಕಿನಲ್ಲೇ ನಾವು ಮೂವತ್ತು ಜನ ಬುಟ್ಟಿ, ಸಲಿಕೆ ಹಿಡಿದು ಇಳಿದೆವು. ಬೂದಿ ಬಳಿದೆವು, ಸುಟ್ಟ ತೊಲೆ ಹೊರಗೆ ಎಳೆದೆವು. ಒಬ್ಬಳು ಆಯಿಯ ಎರಡು ಎಮ್ಮೆ ಕೊಟ್ಟಿಗೆಯಲ್ಲೇ ಸತ್ತಿದ್ದವು. ವಾಸನೆ ಶುರುವಾಗುವ ಮೊದಲೇ ಜೆಸಿಬಿ ತರಿಸಿ ಹೂಳಿದೆವು. ಹತ್ತು ಗಂಟೆಗೆಲ್ಲ ಜಾಗ ಕಣದ ಹಾಗೆ ಸ್ವಚ್ಛ. ಊರಿನ ದೈವದವರು, ಅಂದರೆ ಹಿರಿಯರು, ಶಹಬ್ಬಾಸ್ ಎಂದರು. ಮಧ್ಯಾಹ್ನ ಪಂಚನಾಮೆಗೆ ತಲಾಠಿ (ಗ್ರಾಮ ಲೆಕ್ಕಿಗರು) ಬಂದರು, ಜೊತೆಗೆ ಪಶುವೈದ್ಯರು. ಅವರು ಕೇಳಿದ ಮೊದಲ ಮಾತು, "ಎಮ್ಮೆ ಎಲ್ಲಿ?"

ಬೆಂಕಿ ಅನಾಹುತವೂ ಸರ್ಕಾರದ ವಿಪತ್ತು ಪರಿಹಾರದ ಪಟ್ಟಿಯಲ್ಲಿದೆ. 2022ರ ಕೇಂದ್ರ ಮಾನದಂಡದ ಪ್ರಕಾರ ಹಾಲು ಕೊಡುವ ಎಮ್ಮೆ ಅಥವಾ ಆಕಳಿಗೆ 37,500 ರೂಪಾಯಿ, ಎತ್ತಿಗೆ 32,000, ಕುರಿ ಅಥವಾ ಆಡಿಗೆ 4,000. ಬಯಲು ಪ್ರದೇಶದಲ್ಲಿ ಪೂರ್ತಿ ಹಾಳಾದ ಪಕ್ಕಾ ಮನೆಗೆ 1,20,000. ಆದರೆ ಸತ್ತ ದನಕ್ಕೆ ಮರಣೋತ್ತರ ಪರೀಕ್ಷೆಯ ಕಾಗದ ಬೇಕು, ಮನೆಗೆ ಪಂಚನಾಮೆ ಬೇಕು. ನಾವು ಎಮ್ಮೆಗಳ ಜೊತೆ ಆಯಿಯ 75,000 ರೂಪಾಯಿಯನ್ನೂ ಹೂಳಿದ್ದೆವು. ಆಕೆ ಬೈಯಲಿಲ್ಲ. "ಒಳ್ಳೆಯದಕ್ಕೇ ಮಾಡಿದಿರಿ, ಬಿಡು ತಮ್ಮಾ" ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಆ ವರ್ಷ ನಾವು ಹುಡುಗರೆಲ್ಲ ದುಡಿಮೆಯಲ್ಲಿ ಒಂದಿಷ್ಟು ತೆಗೆದಿಟ್ಟು ಸಂತೆಯಲ್ಲಿ ಆಕೆಗೆ ಒಂದು ಎಮ್ಮೆ ಕೊಡಿಸಿದೆವು. ಎರಡನೆಯದು ಇನ್ನೂ ಬಾಕಿ ಇದೆ.

ಆದ್ದರಿಂದ ಮೊದಲ ದಿನ ನೋಟ್‌ಬುಕ್ ಮತ್ತು ಮೊಬೈಲ್ ಸಾಕು. ಮನೆಗೊಂದು ಪುಟ. ಗೋಡೆ, ಛಾವಣಿ, ಪಾತ್ರೆ, ಕಾಳಿನ ಚೀಲ, ಪಂಪ್‌ಸೆಟ್, ಸತ್ತ ದನ, ಎಲ್ಲದರ ಫೋಟೊ ತೆಗೆಯಿರಿ. ಮನೆಯವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ತೆಗೆಯಿರಿ. ಅಗ್ನಿಶಾಮಕ ಠಾಣೆಯ ವರದಿ, ಪೊಲೀಸ್ ಠಾಣೆಗೆ ಕೊಟ್ಟ ಅರ್ಜಿಯ ಸ್ವೀಕೃತಿ, ಎರಡರ ನಕಲನ್ನೂ ಅದೇ ಪುಟಕ್ಕೆ ಅಂಟಿಸಿ. ಫಸಲ್ ಬಿಮಾ ಎಂಬ ಬೆಳೆ ವಿಮೆಯ ಮೇಲೆ ಹೆಚ್ಚು ಆಸೆ ಇಡಬೇಡಿ. ಬೆಂಕಿಯ ವಿಷಯದಲ್ಲಿ ಅದರ ಸ್ಥಳೀಯ ವಿಪತ್ತಿನ ಪಟ್ಟಿಯಲ್ಲಿರುವುದು ಸಿಡಿಲಿನಿಂದ ಹತ್ತಿದ ಬೆಂಕಿ ಮಾತ್ರ, ಅದನ್ನೂ 72 ಗಂಟೆಯೊಳಗೆ ತಿಳಿಸಬೇಕು.

ನಿಮ್ಮ ಕಡೆ ಹಿರಿಯರಲ್ಲಿ ಮರಾಠಿ ಮಾತನಾಡುವವರು ಬಹಳ. ಕನ್ನಡದಲ್ಲಿ ಅರ್ಜಿ ಬರೆಯಬಲ್ಲ, ಅದನ್ನು ಅವರಿಗೆ ಅವರ ಮಾತಿನಲ್ಲೇ ಓದಿ ಹೇಳಬಲ್ಲ ಹುಡುಗಿಯೋ ಹುಡುಗನೋ ನಿಮ್ಮ ಗುಂಪಿನಲ್ಲಿದ್ದರೆ ಆ ಒಬ್ಬರು ಸಲಿಕೆ ಹಿಡಿದ ಹತ್ತು ಜನಕ್ಕೆ ಸಮ. ಸುಟ್ಟ ಆಧಾರ್, ಪಡಿತರ ಚೀಟಿ, ಪಾಸ್‌ಬುಕ್, ಮಕ್ಕಳ ಅಂಕಪಟ್ಟಿ ಮತ್ತೆ ಸಿಗುತ್ತವೆ. ಪಹಣಿಯಂತೂ ನಾಡಕಚೇರಿಯಲ್ಲಿ ಅಂದೇ ಕೈಗೆ ಬರುತ್ತದೆ. ಆದರೆ ಮನೆ ಕಳೆದುಕೊಂಡವರಿಗೆ ಕಚೇರಿಯಿಂದ ಕಚೇರಿಗೆ ಅಲೆಯುವ ಚೈತನ್ಯ ಇರುವುದಿಲ್ಲ. ಬೈಕ್ ಮೇಲೆ ಕೂರಿಸಿಕೊಂಡು ಹೋಗಿ.

ಇನ್ನು ಸಾಮಾನಿನ ಮಾತು. 2019ರ ಆಗಸ್ಟ್‌ನ ಪ್ರವಾಹದಲ್ಲಿ ನಮ್ಮ ತಾಲ್ಲೂಕಿಗೆ ಎಲ್ಲೆಲ್ಲಿಂದಲೋ ಲಾರಿಗಳು ಬಂದವು. ಕಟಕ ರೊಟ್ಟಿ, ಶೇಂಗಾ ಚಟ್ನಿ ತಂದವರ ಹೊಟ್ಟೆ ತಣ್ಣಗಿರಲಿ, ಅದು ನಿಜವಾದ ಉಪಕಾರ. ಹಳೆಯ ಬಟ್ಟೆ ಮಾತ್ರ ಗುಡಿಯ ಮುಂದೆ ರಾಶಿ ಬಿದ್ದು ಮಳೆಯಲ್ಲಿ ಕೊಳೆಯಿತು. ಒಂದೇ ಕಾಲಿನ ಬೂಟನ್ನೂ ಯಾರೋ ಕಳಿಸಿದ್ದರು, ಎಂತಹ ದಾನಶೂರರೋ! ಹಾಗಾಗಿ ನಮ್ಮ ಬೆಂಕಿಯ ಹೊತ್ತಿಗೆ ಬಟ್ಟೆ ಬೇಡವೆಂದು ಹನುಮಪ್ಪನ ಗುಡಿಯ ಹಲಗೆಯ ಮೇಲೆ ಬರೆದುಬಿಟ್ಟೆವು. ಬೇಕಾದದ್ದನ್ನು ಮಾತ್ರ ಬರೆಯುತ್ತಿದ್ದೆವು, ಬಂದ ಕೂಡಲೇ ಅಳಿಸುತ್ತಿದ್ದೆವು. ಹಣ ಕೊಡುತ್ತೇನೆಂದವರಿಗೆ ನೊಂದವರ ಖಾತೆಯ ವಿವರವನ್ನೇ ಕೊಟ್ಟೆವು, ಒಂದು ರೂಪಾಯಿಯೂ ನಮ್ಮ ಕೈ ಮುಟ್ಟಲಿಲ್ಲ. ಆದರೂ ಜಗಳವಾಯಿತು. ಒಂದೇ ದಿನ ನಾಲ್ಕು ವಾಟ್ಸಾಪ್ ಗುಂಪು ಹುಟ್ಟಿದ ಊರು ನಮ್ಮದು.

ಮನುಷ್ಯರಿಗೆ ಹೇಗೋ ಊಟ ಸಿಗುತ್ತದೆ, ಒಂದು ಓಣಿ ಸುಟ್ಟರೆ ಇನ್ನೊಂದು ಓಣಿ ಉಣ್ಣಿಸುತ್ತದೆ. ದನಕ್ಕೆ ಯಾರು? ಬಣವೆ ಹೋದ ಮನೆಯವರು ವಾರದೊಳಗೆ ದನವನ್ನು ಬಂದ ಬೆಲೆಗೆ ಮಾರಲು ನೋಡುತ್ತಾರೆ, ದಲ್ಲಾಳಿಗಳೂ ಅದಕ್ಕೇ ಕಾದಿರುತ್ತಾರೆ. ಮೊದಲು ಮೇವು ತನ್ನಿ. ಬದುಕುಳಿದ ದನಗಳ ಕೆಚ್ಚಲು, ಮೂತಿ, ಗೊರಸು ನೋಡಿಸಿ. ಗೊರಸಿನ ಸುಟ್ಟಗಾಯ ಅಂದೇ ಕಾಣುವುದಿಲ್ಲ. ಎಷ್ಟೋ ದಿನದ ಮೇಲೆ ದನ ಕುಂಟತೊಡಗಿದಾಗ ಗೊತ್ತಾಗುತ್ತದೆ.

ನಮಗೆ ಒಲಿದ ಒಂದೇ ದೊಡ್ಡ ಕೆಲಸವೆಂದರೆ ಕಬ್ಬು. ಸುಟ್ಟ ಕಬ್ಬು ನಿಂತಲ್ಲೇ ತೂಕ ಕಳೆದುಕೊಳ್ಳುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ, ಒಂದೆರಡು ದಿನದಲ್ಲಿ ನುರಿಸಿದರೆ ಉಂಟು, ಇಲ್ಲವಾದರೆ ಇಲ್ಲ. ಕಟಾವಿನ ಗ್ಯಾಂಗ್ ಬೇರೆ ಊರಿನಲ್ಲಿತ್ತು. ಹಳಬರೊಬ್ಬರು ಮುಯ್ಯಾಳಿನ ಮಾತು ತೆಗೆದರು. ಮನೆಗೊಂದು ಆಳು, ಕೂಲಿ ಇಲ್ಲ, ಮುಂದೆ ಅವರೂ ನಿಮ್ಮ ಹೊಲಕ್ಕೆ ಒಂದು ದಿನ ಬರಬೇಕು. ನಲವತ್ತು ಜನ ಎರಡು ದಿನ ಮಸಿ ಮೆತ್ತಿಕೊಂಡು ಕಡಿದೆವು. ಪುಕ್ಕಟೆ ಸಹಾಯವೆಂದಿದ್ದರೆ ಆ ಮೂವರು ರೈತರು ತಲೆ ತಗ್ಗಿಸಿ ನಿಲ್ಲುತ್ತಿದ್ದರು. ಮುಯ್ಯಾಳು ಎಂದದ್ದರಿಂದ ಅವರೇ ಮುಂದೆ ನಿಂತು ಸಾಲು ಹಂಚಿದರು. ನಿಮ್ಮಲ್ಲಿ ಕಬ್ಬಿಲ್ಲದಿದ್ದರೆ ಛಾವಣಿ ಹೊದಿಸುವ ಕೆಲಸಕ್ಕೆ ಇದೇ ಲೆಕ್ಕ ಹಾಕಿ.

ಗುಡ್ಡದ ಊರಾದ್ದರಿಂದ ಇನ್ನೆರಡು ವಿಷಯ. ಬೆಂಕಿಯ ಝಳ ತಾಗಿದ ಭತ್ತದ ಬೀಜ ನೋಡಲು ಚೆನ್ನಾಗಿದ್ದರೂ ಮೊಳೆಯದೇ ಹೋಗಬಹುದು. ಬಿತ್ತುವ ಮೊದಲು ನೂರು ಕಾಳು ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಎಷ್ಟು ಮೊಳೆಯುತ್ತವೆಂದು ನೋಡಿ. ಎರಡನೆಯದು ಅಡ್ಡಮಳೆ, ಮುಂಗಾರಿಗೆ ಮೊದಲು ಬರುವ ಮಳೆ. ಹುಲ್ಲು ಸುಟ್ಟ ಇಳಿಜಾರಿನಲ್ಲಿ ಮಣ್ಣನ್ನು ಹಿಡಿದಿಡುವುದು ಏನೂ ಉಳಿದಿರುವುದಿಲ್ಲ. ಮೊದಲ ಬಿರುಮಳೆಗೆ ಬೂದಿ, ಮಣ್ಣು ಎಲ್ಲ ಬಾವಿಗೂ ಹಳ್ಳಕ್ಕೂ ಇಳಿಯುತ್ತದೆ. ಅಷ್ಟರೊಳಗೆ ಇಳಿಜಾರಿಗೆ ಅಡ್ಡಲಾಗಿ ಕಲ್ಲು, ಮುಳ್ಳುಕಂಟಿಯ ಸಾಲು ಹಾಕಿ. ಅರಣ್ಯದ ಜಾಗವಾದರೆ ವಲಯ ಅರಣ್ಯಾಧಿಕಾರಿಯನ್ನು ಕೇಳಿಯೇ ಕೈ ಹಾಕಿ. ಬುಡ ಸುಟ್ಟ ಮರದ ಕೆಳಗೆ ಯಾರನ್ನೂ ಕೂರಲು ಬಿಡಬೇಡಿ, ಗಾಳಿಯೇ ಇಲ್ಲದಾಗಲೂ ಬೀಳುತ್ತವೆ.

ಮೇವು ಬೇಕಾದರೆ ಇಲ್ಲೇ ಬರೆಯಿರಿ. ನಮ್ಮಲ್ಲಿ ಈ ವರ್ಷ ಬಿಳಿಜೋಳ ಚೆನ್ನಾಗಿ ಬಂದಿದೆ, ಒಂದು ಲಾರಿ ಕಣಕಿ (ಜೋಳದ ಒಣ ದಂಟು) ಹೊಂದಿಸಬಲ್ಲೆವು. ನಿಮ್ಮ ದನಗಳಿಗೆ ಭತ್ತದ ಹುಲ್ಲಿನ ರೂಢಿ, ಕಣಕಿಯನ್ನು ಕತ್ತರಿಸಿ ಹಾಕಬೇಕಾದೀತು. ಲಾರಿಯ ಡೀಸೆಲ್ ಮಾತ್ರ ನಿಮ್ಮದು.