ಕಸ್ಟಮರ್ ನಮ್ಮ 8ಡಿ ವರದಿಯ (ದೋಷದ ದೂರಿಗೆ ಎಂಟು ಹೆಜ್ಜೆಯಲ್ಲಿ ಕೊಡುವ ಉತ್ತರ) ಮೂಲ ಕಾರಣವನ್ನು ಒಪ್ಪುತ್ತಿಲ್ಲ. ಮೂಲ ಕಾರಣದ ಹೆಜ್ಜೆಯಾದ ಡಿ4ರಲ್ಲಿ ಏನು ಬರೆಯಬೇಕು?

ನೀವು ಕೊಟ್ಟ ವಿವರ ಇಷ್ಟು: ಪೀಣ್ಯದ ಮಷಿನಿಂಗ್ ಘಟಕ. ಸ್ಟೀಲ್ ಫೋರ್ಜಿಂಗ್ ಬ್ರಾಕೆಟ್, ಅದರಲ್ಲಿ ಎಂ8×1.25ರ (8 ಮಿ.ಮೀ. ವ್ಯಾಸ, ಸುತ್ತಿಗೆ 1.25 ಮಿ.ಮೀ. ಇಳಿಯುವ ಥ್ರೆಡ್) ನಾಲ್ಕು ಬ್ಲೈಂಡ್ ಹೋಲ್, ಅಂದರೆ ಆಚೆ ತೂರದ ರಂಧ್ರ. ಡ್ರಾಯಿಂಗ್ ಪ್ರಕಾರ ಪೂರ್ಣ ಥ್ರೆಡ್ ಆಳ ಕನಿಷ್ಠ 16 ಮಿ.ಮೀ., ಡ್ರಿಲ್ ಆಳ 22. ಟ್ಯಾಪಿಂಗ್ (ಟ್ಯಾಪ್ ಎಂಬ ಟೂಲಿನಿಂದ ಥ್ರೆಡ್ ಕೊರೆಯುವುದು) ಆದ ಮೇಲೆ ಹೊರಗಡೆ ಝಿಂಕ್ ಪ್ಲೇಟಿಂಗ್. ಶಿಫ್ಟ್ ಮಧ್ಯೆ ಟ್ಯಾಪ್ ಮುರಿದರೆ ಬದಲಿಸುತ್ತೀರಿ. ಕಸ್ಟಮರ್ ಲೈನಿನಲ್ಲಿ 2,400 ಪೀಸಿನ ಪೈಕಿ 14ರಲ್ಲಿ ಬೋಲ್ಟ್ ಪೂರ್ತಿ ಕೂರದೆ ತಲೆಯ ಕೆಳಗೆ ಸುಮಾರು 1.5 ಮಿ.ಮೀ. ಸಂದು ಉಳಿದಿದೆ. ನಿಮ್ಮ 8ಡಿಯಲ್ಲಿ ಮೂಲ ಕಾರಣ ‘ಆಪರೇಟರ್ ಅಜಾಗರೂಕತೆ’, ಕ್ರಮ ‘ತರಬೇತಿ ಕೊಡಲಾಗಿದೆ, 100% ತಪಾಸಣೆ ಶುರುವಾಗಿದೆ’. ಎರಡು ಸಲ ವಾಪಸ್ ಬಂದಿದೆ.

ಬರಲೇಬೇಕಿತ್ತು. ಆಪರೇಟರ್ ಏನೋ ತಪ್ಪು ಮಾಡಿದ ಅಂತಲೇ ಇಟ್ಟುಕೊಳ್ಳಿ. ಆ ತಪ್ಪಿಗೆ ಪ್ರೊಸೆಸ್ ಹೇಗೆ ಅವಕಾಶ ಕೊಟ್ಟಿತು, ನಿಮ್ಮ ಗೇಜ್ ದಾಟಿ ಅದು ಹೇಗೆ ಹೊರಟಿತು ಎಂಬ ಎರಡು ಪ್ರಶ್ನೆಗಳಿಗೆ ನಿಮ್ಮ ವರದಿಯಲ್ಲಿ ಉತ್ತರವಿಲ್ಲ. ಫೋರ್ಡ್ ಕಂಪನಿ 1987ರಲ್ಲಿ ರೂಪ ಕೊಟ್ಟ ಈ ವಿಧಾನದಲ್ಲಿ ಹೆಜ್ಜೆ ಎಂಟಿದ್ದರೂ ಬಹುಪಾಲು ವರದಿಗಳು ಬೀಳುವುದು ಡಿ2 (ಸಮಸ್ಯೆಯ ವಿವರಣೆ) ಮತ್ತು ಡಿ4ರಲ್ಲೇ.

ಕೆಟ್ಟ ಪೀಸು ಮುಂದೆ ಹೋಗದಂತೆ ತಡೆಯುವ ತಾತ್ಕಾಲಿಕ ಕ್ರಮವಾದ ಡಿ3 ಮೊದಲು ಸರಿಮಾಡಿಕೊಳ್ಳಿ, ಸಾಮಾನ್ಯವಾಗಿ ಇದಕ್ಕೆ 24 ಗಂಟೆಯಷ್ಟೇ ಸಮಯ. ಕಸ್ಟಮರ್ ಲೈನು, ಅವರ ಸ್ಟೋರು, ದಾರಿಯಲ್ಲಿರುವ ಲಾರಿ, ನಿಮ್ಮ ಎಫ್‌ಜಿ (ತಯಾರಾದ ಮಾಲಿನ ಸ್ಟೋರು), ಮಷೀನ್ ಪಕ್ಕದ ಡಬ್ಬಿ, ಪ್ಲೇಟಿಂಗ್ ವೆಂಡರ್, ಹೀಗೆ ಆರು ಜಾಗದ ಸಂಖ್ಯೆ ಬರೆಯಿರಿ. ಒಟ್ಟು ತಾಳೆಯಾಗಬೇಕು. ಎಲ್ಲರೂ ಮರೆಯುವುದು ಪ್ಲೇಟಿಂಗ್ ವೆಂಡರ್ ಹತ್ತಿರ ಇರುವ ಸ್ಟಾಕನ್ನು. ವಿಂಗಡಣೆಯಲ್ಲಿ ಎಷ್ಟು ನೋಡಿದಿರಿ, ಎಷ್ಟು ಕೆಟ್ಟದ್ದು ಸಿಕ್ಕಿತು, ಯಾವ ಇನ್‌ವಾಯ್ಸ್ ನಂಬರಿನಿಂದ ಒಳ್ಳೆಯ ಪೀಸು ಹೋಗುತ್ತಿದೆ ಎಂಬುದೂ ಬೇಕು. ಇನ್ನೊಂದು ಮಾತು: ಯಾವ ಗೇಜಿನಿಂದ ತಪ್ಪಿಸಿಕೊಂಡು ಹೋಯಿತೋ ಅದೇ ಗೇಜಿನಲ್ಲಿ ವಿಂಗಡಿಸಿದರೆ ಅದು ವಿಂಗಡಣೆಯೇ ಅಲ್ಲ.

ಈಗ ಡಿ2. ‘ಬೋಲ್ಟ್ ಕೂರುತ್ತಿಲ್ಲ’ ಅನ್ನುವುದು ಕಸ್ಟಮರ್ ದೂರು, ಅದಿನ್ನೂ ಸಮಸ್ಯೆಯ ವಿವರಣೆ ಆಗಿಲ್ಲ. 14 ಪೀಸನ್ನೂ ತರಿಸಿಕೊಂಡು ಮೇಜಿನ ಮೇಲಿಟ್ಟು, ಕೈಯಲ್ಲಿ ಬೋಲ್ಟ್ ತಿರುಗಿಸಿ ಸುತ್ತು ಎಣಿಸಿ. ಹತ್ತು ಸುತ್ತು ಸಲೀಸಾಗಿ ಹೋಗಿ ಅಲ್ಲಿ ಗಟ್ಟಿಯಾಗಿ ನಿಂತರೆ, 10×1.25 ಅಂದರೆ 12.5 ಮಿ.ಮೀ. ಡ್ರಾಯಿಂಗಿನ 16 ಮಿ.ಮೀ.ಗೆ ಹನ್ನೆರಡೂಮುಕ್ಕಾಲು ಸುತ್ತಿಗೂ ಚೂರು ಹೆಚ್ಚು ಹೋಗಬೇಕು. ಈ ಒಂದು ಎಣಿಕೆಯಿಂದಲೇ ಅರ್ಧ ಅನುಮಾನಗಳು ಉದುರುತ್ತವೆ.

ಪ್ಲೇಟಿಂಗ್ ದಪ್ಪವಾಗಿದೆ ಅನ್ನುವವರು ನಿಮ್ಮಲ್ಲೇ ಯಾರಾದರೂ ಇರುತ್ತಾರೆ. 60 ಡಿಗ್ರಿ ಥ್ರೆಡ್ಡಿನಲ್ಲಿ ಪ್ಲೇಟಿಂಗ್ ದಪ್ಪದ ನಾಲ್ಕು ಪಟ್ಟು ಪಿಚ್ ಡಯಾಮೀಟರಿಗೆ (ಥ್ರೆಡ್ಡಿನ ನಡುಮಟ್ಟದ ವ್ಯಾಸ) ಬರುತ್ತದೆ. 10 ಮೈಕ್ರಾನ್ ಕೂತರೆ 40 ಮೈಕ್ರಾನ್ ಬಿಗಿ. ಅದೇ ಕಾರಣವಾಗಿದ್ದರೆ ಬೋಲ್ಟ್ ಮೊದಲ ಸುತ್ತಿನಿಂದಲೇ ಬಿಗಿಯಾಗಬೇಕು, ಏಕೆಂದರೆ ಬ್ಲೈಂಡ್ ಹೋಲಿನಲ್ಲಿ ಝಿಂಕ್ ಹೆಚ್ಚು ಕೂರುವುದು ಬಾಯಲ್ಲಿ, ತಳದಲ್ಲಲ್ಲ. ಹತ್ತು ಸುತ್ತು ಸಲೀಸು ಅಂದಮೇಲೆ ಪ್ಲೇಟಿಂಗ್ ಅಲ್ಲ. ಚಿಪ್ಸ್ ತುಂಬಿರಬಹುದೇ? ತೊಳೆದು, ಗಾಳಿ ಹೊಡೆದು ಮತ್ತೆ ಎಣಿಸಿ. ಸಂಖ್ಯೆ ಬದಲಾಗದಿದ್ದರೆ ಅದೂ ಅಲ್ಲ. ಉಳಿಯುವುದು ಟ್ಯಾಪ್ ಕಡಿಮೆ ಇಳಿದದ್ದು. ಅನುಮಾನಕ್ಕೆ ಎಡೆಯಿಲ್ಲದಂತೆ ಒಂದು ಪೀಸನ್ನು ಕತ್ತರಿಸಿ ಥ್ರೆಡ್ಡಿನ ಫೋಟೋ ಹಾಕಿ.

ಇದರ ಜೊತೆಗೆ ‘ಇದೆ – ಇಲ್ಲ’ ಪಟ್ಟಿ ಮಾಡಿ. ಯಾವ ಮಷೀನಿನದ್ದರಲ್ಲಿ ಇದೆ, ಯಾವುದರಲ್ಲಿ ಇರಬಹುದಾಗಿದ್ದರೂ ಇಲ್ಲ? ನಾಲ್ಕು ಹೋಲಿನಲ್ಲೂ ಕಡಿಮೆಯೋ, ಒಂದರಲ್ಲಿ ಮಾತ್ರವೋ? ಒಂದೇ ಟ್ಯಾಪ್ ನಾಲ್ಕನ್ನೂ ಹೊಡೆಯುವಾಗ ನಾಲ್ಕರಲ್ಲೂ ಕಡಿಮೆ ಇದ್ದರೆ ಟೂಲ್ ಕಡೆ ಹೋಗಿ. ಪೀಸುಗಳು ಒಂದರ ಹಿಂದೆ ಒಂದು ಬಂದವೋ, ಚದುರಿವೆಯೋ? ಸಾಲಾಗಿ ಬಂದಿದ್ದರೆ ಎರಡು ಘಟನೆ ಹುಡುಕಬೇಕು: ದೋಷ ಶುರುವಾದದ್ದು ಯಾವುದರಿಂದ, ನಿಂತದ್ದು ಯಾವುದರಿಂದ. ನಿಂತದ್ದಕ್ಕೆ ಕಾರಣ ಕೇಳುವವರು ಬಹಳ ಕಡಿಮೆ, ಆದರೆ ಸುಳಿವು ಹೆಚ್ಚಾಗಿ ಸಿಗುವುದು ಅಲ್ಲೇ. ಶಿಫ್ಟ್ ಮಧ್ಯೆ ಟ್ಯಾಪ್ ಮುರಿಯುತ್ತದೆ, ಬದಲಿಸುತ್ತೇವೆ ಅಂತ ನೀವೇ ಬರೆದಿದ್ದೀರಿ. ಟೂಲ್ ಚೇಂಜ್ ದಾಖಲೆ ತೆಗೆದು ಆ ಲಾಟಿನ ಸಮಯದ ಪಕ್ಕ ಇಟ್ಟು ನೋಡಿ.

ದಾಖಲೆ ಹಾಗೇ ಹೇಳಿದರೆ ಡಿ4ರ ಮೊದಲ ಸರಪಳಿ ಹೀಗಿರುತ್ತದೆ. ಥ್ರೆಡ್ ಏಕೆ ಕಡಿಮೆ? ಟ್ಯಾಪ್ 3.5 ಮಿ.ಮೀ. ಮೇಲೆಯೇ ನಿಂತು ತಿರುಗಿತು. ಏಕೆ? ಹೊಸ ಟ್ಯಾಪ್ ಹೋಲ್ಡರಿನಲ್ಲಿ ಹೆಚ್ಚು ಒಳಗೆ ಕೂತಿತ್ತು, ಲೆಂಗ್ತ್ ಆಫ್‌ಸೆಟ್ (ಮಷೀನಿಗೆ ಕೊಟ್ಟ ಟೂಲ್ ಉದ್ದದ ಸಂಖ್ಯೆ) ಹಳೆಯದೇ ಇತ್ತು. ಏಕೆ? ಮತ್ತೆ ಟಚ್ ಮಾಡಿ ಆಫ್‌ಸೆಟ್ ಹಾಕಬೇಕೆಂಬ ಸೂಚನೆ ಸೆಟಪ್ ಶೀಟಿನಲ್ಲಿದೆ, ಮಧ್ಯೆ ಮುರಿದಾಗಿನ ಬದಲಾವಣೆಗೆ ಇಲ್ಲ. ಮಷೀನಿಗೂ ಅದು ಗೊತ್ತಾಗುವುದಿಲ್ಲ. ಏಕೆ? ಪಿಎಫ್‌ಎಂಇಎಯಲ್ಲಿ (ಪ್ರೊಸೆಸ್ ಎಲ್ಲೆಲ್ಲಿ ತಪ್ಪಬಹುದು ಎಂಬ ದಾಖಲೆ) ಟ್ಯಾಪ್ ಮುರಿತ ಇದೆ, ಬದಲಿಸಿದ ಟ್ಯಾಪಿನ ಉದ್ದ ವ್ಯತ್ಯಾಸ ಇಲ್ಲ. ಬರೆದಾದ ಮೇಲೆ ಕೆಳಗಿನಿಂದ ಮೇಲಕ್ಕೆ ‘ಆದ್ದರಿಂದ’ ಸೇರಿಸಿ ಓದಿ. ಎಲ್ಲಿ ತಡವರಿಸುತ್ತೀರೋ ಅಲ್ಲಿ ಊಹೆ ಸೇರಿದೆ. ಐದೇ ‘ಏಕೆ’ ಇರಬೇಕೆಂಬ ಕಡ್ಡಾಯವೇನೂ ಇಲ್ಲ.

ಆಮೇಲೆ ಅದೇ ಮಷೀನಿನಲ್ಲಿ ಟ್ಯಾಪನ್ನು ಬೇಕೆಂದೇ 3.5 ಮಿ.ಮೀ. ಒಳಗೆ ಕೂರಿಸಿ, ಆಫ್‌ಸೆಟ್ ಮುಟ್ಟದೆ ಐದು ಪೀಸು ಹೊಡೆಯಿರಿ. 12.5 ಬರಬೇಕು. ಸರಿಮಾಡಿ ಐದು ಹೊಡೆಯಿರಿ, 16ರ ಮೇಲೆ ಬರಬೇಕು. ದೋಷವನ್ನು ಬೇಕೆಂದಾಗ ಬರಿಸಿ, ಬೇಕೆಂದಾಗ ಹೋಗಿಸಲು ಆದರಷ್ಟೇ ಅದು ಮೂಲ ಕಾರಣ. ಈ ಹತ್ತು ಪೀಸಿನ ಅಳತೆ ಹಾಕಿದರೆ ಕಸ್ಟಮರಿನ ಎಸ್‌ಕ್ಯೂಇ (ಸಪ್ಲೈಯರ್ ಗುಣಮಟ್ಟ ನೋಡುವ ಎಂಜಿನಿಯರ್) ಹತ್ತಿರ ವಾದವೇ ಇರುವುದಿಲ್ಲ. ಫಿಶ್‌ಬೋನ್ (ಸಾಧ್ಯ ಕಾರಣಗಳನ್ನು ಮೀನಿನ ಮೂಳೆಯಂತೆ ಬಿಡಿಸುವ ಚಿತ್ರ) ಹಾಕಲೇಬೇಕೆಂದು ಫಾರ್ಮ್ಯಾಟಿನಲ್ಲಿದ್ದರೆ ಹಾಕಿ. ನನ್ನ ಪ್ರಕಾರ ಮೀಟಿಂಗಿನಲ್ಲಿ ತುಂಬಿಸಿದ ಫಿಶ್‌ಬೋನ್ ಗೋಡೆಗೆ ಅಲಂಕಾರವಷ್ಟೇ.

ಎರಡನೇ ಸರಪಳಿ, ನಿಮ್ಮಲ್ಲಿ ಏಕೆ ಸಿಗಲಿಲ್ಲ ಎಂಬುದು. ಗೋ ಗೇಜ್ (ಥ್ರೆಡ್ ಸರಿಯಿದ್ದರೆ ಒಳಗೆ ಹೋಗಬೇಕಾದದ್ದು) ಹಿಡಿದವರು ಮೂರು–ನಾಲ್ಕು ಸುತ್ತು ತಿರುಗಿಸಿ ಓಕೆ ಅನ್ನುತ್ತಾರೆ, ನೋ–ಗೋ (ಒಳಗೆ ಹೋಗಬಾರದ್ದು) ಎರಡು ಸುತ್ತಿನೊಳಗೆ ನಿಂತರೆ ಅದೂ ಓಕೆ. ಎರಡರಲ್ಲೂ ಆಳ ತಿಳಿಯುವುದಿಲ್ಲ. ನಿಮ್ಮ ಕಂಟ್ರೋಲ್ ಪ್ಲಾನಿನಲ್ಲಿ (ಯಾವ ಅಳತೆಯನ್ನು ಹೇಗೆ ನೋಡಬೇಕೆಂಬ ದಾಖಲೆ) ‘ಎಂ8 ಥ್ರೆಡ್, ಗೋ/ನೋ–ಗೋ’ ಎಂದಷ್ಟೇ ಇದ್ದು 16 ಮಿ.ಮೀ. ಬೇರೆ ಸಾಲಾಗಿ ಇಲ್ಲದಿದ್ದರೆ, ತಪ್ಪಿಸಿಕೊಂಡದ್ದಕ್ಕೆ ಮೂಲ ಕಾರಣ ಆ ಬಿಟ್ಟುಹೋದ ಸಾಲು. ಕಸ್ಟಮರ್ ಇಷ್ಟು ಬಿಗಿಯಾಗಿರುವುದಕ್ಕೂ ಕಾರಣವಿದೆ: ಬೋಲ್ಟ್ ಥ್ರೆಡ್ಡಿನ ತುದಿಗೆ ತಾಗಿ ನಿಂತಾಗ ಟಾರ್ಕ್ ರೆಂಚ್ ಕ್ಲಿಕ್ ಅನ್ನುತ್ತದೆ, ಆದರೆ ಬ್ರಾಕೆಟ್ ಸಡಿಲವಾಗಿಯೇ ಇರುತ್ತದೆ.

ಶಾಶ್ವತ ಕ್ರಮ ಆರಿಸುವ ಡಿ5ಕ್ಕೆ ‘ಪಿನ್ ಹಾಕಿ ಆಳ ನೋಡುತ್ತೇವೆ’ ಅಂತ ಬರೆಯಬೇಡಿ. ನುಣುಪು ಪಿನ್ ಡ್ರಿಲ್ಲಿನ ತಳದವರೆಗೂ ಇಳಿಯುತ್ತದೆ, ಥ್ರೆಡ್ ಎಲ್ಲಿ ಮುಗಿಯಿತು ಅದಕ್ಕೆ ತಿಳಿಯದು. 16 ಮಿ.ಮೀ.ಗೆ ಗುರುತಿರುವ ಗೋ ಗೇಜನ್ನು ತಪಾಸಣೆಗೆ ಇಡಿ. ದೋಷ ಆಗದಂತೆ ತಡೆಯಲು ವಿಎಂಸಿಯೊಳಗೆ (ಈ ಕೆಲಸದ ಸಿಎನ್‌ಸಿ ಮಷೀನ್) ಟೂಲಿನ ಉದ್ದ ಅಳೆಯುವ ಟೂಲ್ ಸೆಟರ್ ಹಾಕಿ, ಟ್ಯಾಪಿಂಗಿಗೆ ಮುಂಚೆ ಉದ್ದ ಮುಟ್ಟಿ ನೋಡುವ ಮ್ಯಾಕ್ರೋ ಬರೆಸಿ; 0.5 ಮಿ.ಮೀ. ಮೀರಿದರೆ ಅಲಾರಂ ಬಂದು ಮಷೀನ್ ನಿಲ್ಲಬೇಕು. ಮುರಿದ ಟ್ಯಾಪೂ ಇದರಲ್ಲೇ ಸಿಕ್ಕಿಬೀಳುತ್ತದೆ. ಸೈಕಲ್ ಟೈಮ್ ಕೆಲವು ಸೆಕೆಂಡ್ ಹೆಚ್ಚುತ್ತದೆ, ಪ್ರೊಡಕ್ಷನ್‌ನವರು ಗೊಣಗುತ್ತಾರೆ. ಶಿಫ್ಟ್ ಶುರುವಿನಲ್ಲಿ ಆಫ್‌ಸೆಟ್ ಬೇಕೆಂದೇ 1 ಮಿ.ಮೀ. ತಪ್ಪಿಸಿ, ಅಲಾರಂ ಬರುತ್ತದೆಯೇ ಎಂದು ನೋಡಿ ಸಹಿ ಹಾಕಿಸಿ. ಇಲ್ಲದಿದ್ದರೆ ಯಾರೋ ಮ್ಯಾಕ್ರೋ ಸ್ಕಿಪ್ ಮಾಡಿದ್ದು ಗೊತ್ತೇ ಆಗುವುದಿಲ್ಲ.

ಕ್ರಮ ಜಾರಿ ಮಾಡಿ ಫಲ ಖಚಿತಪಡಿಸುವ ಡಿ6ರಲ್ಲಿ ‘100 ಪೀಸು ನೋಡಿದೆವು, ಎಲ್ಲ ಓಕೆ’ ಎಂದು ಬರೆಯುವುದು ಸಾಮಾನ್ಯ. ನಿಮ್ಮ ದೋಷದ ಪ್ರಮಾಣ 2,400ಕ್ಕೆ 14, ಅಂದರೆ 0.58%. ದೋಷ ಚದುರಿ ಬರುತ್ತದೆ ಎಂದುಕೊಂಡರೂ, ಏನೂ ಸರಿಮಾಡದೆ 100 ಪೀಸು ನೋಡಿದಾಗ ಒಂದೂ ಸಿಗದಿರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. 95% ವಿಶ್ವಾಸದಿಂದ ಹೇಳಬೇಕಾದರೆ 3ನ್ನು ದೋಷದ ಪ್ರಮಾಣದಿಂದ ಭಾಗಿಸಿ: ಸುಮಾರು 515 ಪೀಸು, ಒಂದೂ ಕೆಡದೆ. ನಿಮ್ಮಲ್ಲಿ ದೋಷ ಸಾಲಾಗಿ ಬಂದಿದ್ದರೆ ಪೀಸಿನ ಲೆಕ್ಕವೂ ಸಾಲದು. ಶಿಫ್ಟ್ ಮಧ್ಯದ ಟ್ಯಾಪ್ ಬದಲಾವಣೆ ಹಲವು ಸಲ ಆಗಿ, ಪ್ರತಿ ಸಲದ ಮೊದಲ ಪೀಸಿನ ಆಳ ದಾಖಲಾಗಬೇಕು.

ದೋಷ ಮರುಕಳಿಸದಂತೆ ನೋಡುವ ಡಿ7ಕ್ಕೆ ಪಿಎಫ್‌ಎಂಇಎ, ಕಂಟ್ರೋಲ್ ಪ್ಲಾನ್, ವರ್ಕ್ ಇನ್‌ಸ್ಟ್ರಕ್ಷನ್ ಮೂರರದ್ದೂ ಹೊಸ ರಿವಿಷನ್ ನಂಬರು ಬರೆಯಿರಿ. ದಾಖಲೆ ತಿದ್ದುವುದನ್ನು ವಾಹನ ಉದ್ಯಮದ ಗುಣಮಟ್ಟ ಮಾನದಂಡವಾದ ಐಎಟಿಎಫ್ 16949ರ 10.2.3 ಕೂಡ ಕೇಳುತ್ತದೆ. ನಿಮ್ಮಲ್ಲಿ ಬ್ಲೈಂಡ್ ಟ್ಯಾಪಿಂಗ್ ಇರುವ ಬೇರೆ ಪಾರ್ಟ್‌ಗಳ ಪಟ್ಟಿ ಮಾಡಿ, ಒಂದೊಂದಕ್ಕೂ ಥ್ರೆಡ್ ಆಳ ಕಂಟ್ರೋಲ್ ಪ್ಲಾನಿನಲ್ಲಿ ಇದೆಯೋ ಇಲ್ಲವೋ ನಮೂದಿಸಿ, ಇಲ್ಲದ್ದಕ್ಕೆ ತಾರೀಖು ಮತ್ತು ಹೊಣೆಗಾರರ ಹೆಸರು ಹಾಕಿ ಕಳಿಸಿ.